ವಸಿ

ರೊಸಾಲ್ಬಾಗೆ ಹಾಲು ಆಗಾಕಿಲ್ಲ.
ಕೊಲಂಬಿಯಾ ಅಂತ ಅವಳ ದೇಸ. ಗೋಕುಲದ ಮಹಡಿ ಮನೇಲವ್ಳೆ.
ಬೆಳ್ಳಂಬೆಳಗ್ಗೆ ಯೋಗಕ್ಕೆ ಹೋಗಿ, ಬೆವರು ಒಣಗಿಸ್ಕಂಡು ಬಂದು
ಕರೀ ಕಾಪಿ ಕೇಳ್ತಾಳೆ: ತಿಂತೊ.
ತಿಂತೊ ಅಂದ್ರೆ ತಿನ್ನೋದಲ್ಲ ಕಣವ್ವ, ಕುಡಿಯೋದು.
ಅದು ಗೊತ್ತಾಗೋ ಹೊತ್ಗೆ
ಮೂರು ದಿನ ಇಡ್ಲಿ ಬಡಿಸಿದ್ದೆ.

ಆಮ್ಯಾಕೆ ತಿಂತಿಕೊ ಅಂದ್ಲು.
ಅದೇ ಕಾಪಿ, ಅದೇ ಲೋಟ, ಅಳತೆ ವಸಿನೂ ಕಮ್ಮಿ ಇಲ್ಲ.
ಮತ್ಯಾಕೆ ಈ ಬಾಲ ಅಂದೆ.
ಎರಡು ಬೆರಳ ನಡುವೆ ಸಾಸಿವೆಯಷ್ಟು ಜಾಗ ಮಾಡಿ
ಆ ಜಾಗಕ್ಕೆ ಮುತ್ತು ಕೊಟ್ಟು ತೋರಿಸಿದ್ಲು.

ನೀರು ಅಗ್ವಾ. ಬಾಯಾರಿದ್ರೆ ಅಗ್ವಿತಾ.
ಬೀದಿ ನಾಯಿ ಪೆರ್ರೊ, ಬಿಸ್ಕತ್ತು ತಿನ್ವಾಗ ಪೆರ್ರಿತೊ,
ಅದೇ ಮುಂಡೇದು ರಾತ್ರಿ ಸ್ಕೂಟರ್ ಅಟ್ಟಿಸ್ಕಂಡ್ ಹೋದ್ರೆ ಪೆರ್ರಾಸೊ.
ನಮ್ಮಲ್ಲಿ ಹಿಗ್ಗೋದೆಲ್ಲ ಮುಂದ್ಗಡೆ:
ಹೆಬ್ಬೆರಳು, ಹೆಮ್ಮರ, ನಟ್ಟನಡು ಮಧ್ಯಾಹ್ನ, ಕಟ್ಟಕಡೇ ತುತ್ತು.
ಅವರದು ಹಿಂದ್ಗಡೆ,
ಮನಸ್ಸು ಬಂದಂಗೆ ಆಡ್ತದೆ.

ಆಸೊ ಅಂತ ಒಂದದೆ, ಎರಡು ಕೆಲಸ ಅದಕ್ಕೆ:
ಒಂದು ಕಡೆ ದೊಡ್ಡದು, ಇನ್ನೊಂದು ಕಡೆ ಏಟು.
ಬಾಗಿಲಿಗೆ ಹಚ್ಚಿದ್ರೆ ಹೆಬ್ಬಾಗಿಲಲ್ಲ,
ಮಕದ ಮುಂದೆ ಬಡಿದ ಬಾಗಿಲು.
ಪೊರ್ತಾಸೊ.
ಇದ ಬುಡಿಸಿ ಹೇಳಬೇಕಾಗಿರ್ನಿಲ್ಲ ನಂಗೆ.
ಯಾದವಗಿರಿ ಮನೇಲಿ ಹನ್ನೊಂದು ವರ್ಸ ದುಡ್ದಿವ್ನಿ.

ಅಲ್ಲಿ ಸೇರ್ದಾಗ ನಾನು ಚಿಕ್ಕತಾಯಮ್ಮ.
ಯುಗಾದಿ ಹೊತ್ಗೆ ಚಿಕ್ಕತಾಯಿ,
ಗೌರಿಹಬ್ಬಕ್ಕೆ ಚಿಕ್ಕಿ,
ಆಮ್ಯಾಕೆ ಏಯ್.
ನಮ್ ಕಡೆ ಚಿಕ್ಕದು ಮಾಡೋದು ಅಂದ್ರೆ ಕತ್ತರಿಸೋದು.
ಅಪ್ಪಂದೂ ಹಂಗೇ. ಜವರಯ್ಯ ಅಂತ ಅಚ್ಚಾಗಿದ್ದು
ತಿಥಿ ಕಾರ್ಡಲ್ಲೇ ಮೊದಲು.
ಬದುಕಿರೋಗಂಟ ಊರಿಗೆಲ್ಲ ಜವ್ರ.
ಅಷ್ಟು ವರ್ಸ ಆ ಅಯ್ಯನ
ಯಾವ ಗದ್ದೆ ಬದೀಲಿ ಹೂತಿಟ್ಟಿದ್ರೋ.

ಹೆಸರು ಕೇಳಿದ್ಲು ರೊಸಾಲ್ಬಾ. ಹೇಳ್ದೆ.
ಚಿಕ್ಕ? ಚಿಕಾ! ಅಂತ ಕುಣಿದ್ಲು.
ಅವರಲ್ಲೂ ಚಿಕ್ಕದು ಚಿಕಾನೇ ಅಂತೆ.
ಇನ್ನೂ ಚಿಕ್ಕದು ಚಿಕೀತಾ.
ಅದಕ್ಕೂ ಚಿಕ್ಕದು ಚಿಕಿತೀಕಾ.
ಸೋಪಿನ ಕೈಯಲ್ಲೇ ಬೆರಳು ಮಡಿಸಿ ಎಣಿಸ್ದೆ: ಎರಡು, ಮೂರು, ನಾಕು.
ಇವಳು ಕಿರಿದು ಮಾಡಿದಷ್ಟೂ ಉದ್ದ ಆಯ್ತಾ ಇವ್ನಿ,
ಹೊಲಿಗೆ ಬಿಚ್ಚಿ ಅಂಚು ಇಳಿಸಿದ ಲಂಗದಂಗೆ.

ಹಂಗಂತ ಪಾಪದೋಳು ಅಂತ ತಿಳ್ಕಬ್ಯಾಡಿ, ಭಾರಿ ಕಿಲಾಡಿ.
ಫಾವೊರ್ಸೀತೊ ಅಂದ್ಲು ಅಂದ್ರೆ ಆರು ರಗ್ಗು ಒಗೀಬೇಕು.
ಸಂಬಳ ಕೇಳಿದ್ರೆ ಅಓರೀತಾ.
ಅಓರಾ ಅಂದ್ರೆ ಈಗ. ಬಾಲ ಹತ್ತಿದ ಮ್ಯಾಲೆ
ಹದಿನೈದು ದಿನ.
ನಗು ಬಂತು. ನಮ್ಮ ವಸಿನೂ ಹಿಂಗೇ ತಾನೆ,
ವಸಿ ಪಾತ್ರೆ ಅವೆ ಬಾರವ್ವ ಅಂತ ಕರೆದ್ರೆ
ಮದುವೆ ಮನೆ ಅಂತ ತಿಳ್ಕಂಡೇ ಹೋಗೋದು.

ನಿನ್ನೆ ಮಳವಳ್ಳಿಗೆ ಫೋನು ಹಾಕ್ದೆ, ಅಕ್ಕಂಗೆ.
ಅವಳು ದೊಡ್ಡತಾಯಮ್ಮ. ನನ್ನ ಭುಜಕ್ಕೆ ಬತ್ತಾಳೆ.
ದೊಡ್ಡತಾಯೀತಾ, ಅಂದೆ.
ಬೈಗುಳವಾ? ಅಂದ್ಲು.
ಇಲ್ಲ ಕಣಕ್ಕ, ವಸಿ ಸೇರ್ಸಿವ್ನಿ ನಿಂಗೆ.
ಸುಮ್ಕಾದ್ಲು.
ವಸಿ ತಡಿ, ಕರ ಹಗ್ಗ ಬಿಚ್ಕತು ಅಂತ
ಫೋನ ಜಗಲಿ ಮ್ಯಾಲೆ ಮಡಗಿ ಹೋದ್ಲು.

ದೂರದಿಂದ ಕೇಳ್ತಿತ್ತು:
ಬಾರೆ ನನ್ ಕಂದ, ಪುಟ್ಟಮರಿ, ಚಿನ್ನುಮರಿ, ಬಂಗಾರಿ,
ಎಲ್ಲೋದೆ ನನ್ ಗುಂಡುಮರಿ...
ಐವತ್ತೆರಡು ವರ್ಸದಲ್ಲಿ ಅವಳ ಬಾಯಲ್ಲಿ
ಇವೆಲ್ಲ ಇದ್ದವು ಅಂತ ನಂಗೆ ಗೊತ್ತಿರ್ನಿಲ್ಲ.
ಚಾರ್ಜು ವಸಿನೇ ಇತ್ತು.
ಫೋನು ಮಡಗ್ನಿಲ್ಲ.